ಕಿಟ್ಟು ಹಾಕುವ ಮೊದಲು ಕಾರಣ ಹುಡುಕಿರಿ

ಚೈನ್‌ಸಾ ಎಂಜಿನ್ನಿನ ದುರಸ್ತಿ: ನಮ್ಮ ಅನುಭವ



2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋದದ್ದನ್ನು ಜಾಲಿ, ಭಟ್ಕಳದ ಕಡೆಯವರು ಯಾರೂ ಮರೆತಿರಲಾರರು. ಉರುಳಿದ ತೆಂಗು, ಗಾಳಿಮರಗಳನ್ನು ತೋಟದ ದಾರಿಯಿಂದ ತೆಗೆಯಬೇಕೆಂದು ಸಂಘದ ಚೈನ್‌ಸಾ ಹೊರಗೆ ತಂದೆವು. ಫೆಬ್ರವರಿಯಿಂದ ಮೂಲೆಯಲ್ಲಿದ್ದ ಮಿಷನ್ನು ನಾಲ್ಕೈದು ಎಳೆತಕ್ಕೆ ಚಾಲೂ ಆಯಿತು. ಅರ್ಧ ತಾಸು ಚೆನ್ನಾಗಿಯೇ ಕೊಯ್ದಿತು. ಆಮೇಲೆ ಒಮ್ಮೆಲೇ ಅದರ ಸ್ವರ ಕೀರಲಾಗಿ ಏರಿತು, ಮರುಗಳಿಗೆಯಲ್ಲಿ ನಿಂತೇಹೋಯಿತು. ಹಗ್ಗ ಎಳೆದರೆ ಅಲುಗಲಿಲ್ಲ. ಮರಗಳನ್ನು ಕೊಡಲಿಯಿಂದ ಕಡಿಸಬೇಕಾಯಿತು. ಒಬ್ಬ ಸದಸ್ಯರ ಪಂಪಿನ ಪೈಪು ಮರದಡಿ ಸಿಕ್ಕಿದ್ದು, ಅವರ ತೋಟಕ್ಕೆ ನಾಲ್ಕು ದಿನ ನೀರು ಹೋಗಲಿಲ್ಲ.

ಅಂದಿನಿಂದ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಅಡಿಕೆ ತೋಟದವರಿಗೆ ಹುಲ್ಲು ಹೊಡೆಯುವ ಮಿಷನ್ನು, ಬೆನ್ನಿಗೆ ಹೊರುವ ಸ್ಪ್ರೇಯರು, ಘಟ್ಟದ ಮೇಲಿನ ಕಾಫಿ ತೋಟದವರಿಗೆ ನೆರಳು ಮರ ಸವರುವ ಗರಗಸ, ಇವುಗಳಲ್ಲಿ ಹೆಚ್ಚಿನವು ಟೂ ಸ್ಟ್ರೋಕ್ ಎಂಜಿನ್ನಿನವೇ. ಆದಕಾರಣ ಇಲ್ಲಿಯ ಮಾತು ಬಹುಮಟ್ಟಿಗೆ ಎಲ್ಲಕ್ಕೂ ಅನ್ವಯಿಸುತ್ತದೆ.

ನಾವು ಮಾಡಿದ ತಪ್ಪು

ಮಿಷನ್ನು ಬಿಚ್ಚಿದಾಗ ಪಿಸ್ಟನ್ನಿನ ಒಂದು ಮಗ್ಗುಲು ಉದ್ದಕ್ಕೂ ಗೀರಿ ಹೋಗಿತ್ತು. ಕಂಪನಿಯ ಸಿಲಿಂಡರು, ಪಿಸ್ಟನ್ನುಗಳ ಬೆಲೆ ಕೇಳಿ ಎದೆ ಧಸಕ್ಕೆಂದಿತು. ಬೇರೆ ತಯಾರಕರ ಕಿಟ್ಟು, ಅಂದರೆ ಸಿಲಿಂಡರು, ಪಿಸ್ಟನ್ನು, ರಿಂಗು, ಪಿನ್ನು, ಸರ್ಕ್ಲಿಪ್ಪು ಎಲ್ಲ ಒಂದೇ ಡಬ್ಬಿಯಲ್ಲಿ, ಅದಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತಿತ್ತು. ತರಿಸಲು ಸಹಿ ಹಾಕಿದವರು ನಾವೇ. ಜೂನ್‌ನಲ್ಲಿ ಕೂಡಿಸಿದೆವು, ಜುಲೈಯಲ್ಲಿ ಅದೇ ಕೀರಲು ಸ್ವರ, ಅದೇ ಗತಿ. ಸಂಘದ ಹಣ ಎರಡನೇ ಸಲ ನೀರುಪಾಲಾಯಿತು.

ಕಿಟ್ಟು ಕಳಪೆ ಎಂದು ಬೈಯುವುದು ಸುಲಭವಿತ್ತು, ಬೈದೆವು ಕೂಡ. ಆದರೆ ಎರಡೂ ಪಿಸ್ಟನ್ನುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ನೋಡಿದಾಗ ಗೀರು ಎರಡರಲ್ಲಿಯೂ ಒಂದೇ ಮಗ್ಗುಲಿಗಿತ್ತು, ಹೊಗೆ ಹೊರಹೋಗುವ ಸೈಲೆನ್ಸರಿನ ಕಡೆಗೆ. ಕಂಪನಿಯ ಪಿಸ್ಟನ್ನನ್ನೂ ಕಿಟ್ಟಿನ ಪಿಸ್ಟನ್ನನ್ನೂ ಕೆಡಿಸಿದ ಕಾರಣ ಒಂದೇ ಇರಬೇಕೆಂದು ಆಗ ಹೊಳೆಯಿತು.

ಪಿಸ್ಟನ್ನು ಹೇಳುವ ಕಥೆ

ಟೂ ಸ್ಟ್ರೋಕ್ ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಇಲ್ಲ. ಪೆಟ್ರೋಲಿನ ಜೊತೆಯಲ್ಲಿ ಬಂದ ಆಯಿಲೇ ಕ್ರ್ಯಾಂಕಿಗೂ ಬೇರಿಂಗಿಗೂ ಪಿಸ್ಟನ್ನಿಗೂ ಸಿಗತಕ್ಕದ್ದು. ಎಲ್ಲಿಂದಾದರೂ ಕಳ್ಳಗಾಳಿ ಒಳಹೊಕ್ಕರೆ ಪೆಟ್ರೋಲಿನ ಪಾಲು ಕಡಿಮೆಯಾಗಿ, ಅದರೊಡನೆ ಆಯಿಲೂ ಕಡಿಮೆಯಾಗುತ್ತದೆ. ಎಂಜಿನ್ನು ಹಗುರಾಗಿ ಜೋರು ತಿರುಗುತ್ತದೆ, ಕಾಯುತ್ತದೆ, ಕಚ್ಚಿಕೊಳ್ಳುತ್ತದೆ.

ಗೀರು ಸೈಲೆನ್ಸರಿನ ಕಡೆ ಮಾತ್ರ ಇದ್ದರೆ ಕಳ್ಳಗಾಳಿ, ಕಾರ್ಬುರೇಟರಿನ ದೋಷ, ಇಲ್ಲವೇ ಅತಿಯಾದ ಶಾಖ ಎಂದು ಸಂಶಯಿಸಬೇಕು. ಸುತ್ತಲೂ ಗೀರಿದ್ದರೆ ಯಾರೋ ಆಯಿಲ್ ಹಾಕದ ಪೆಟ್ರೋಲು ಸುರಿದಿದ್ದಾರೆ. ಕಾರ್ಬುರೇಟರಿನ ಕಡೆ ಮಂಕಾಗಿ, ಮರಳುಕಾಗದದಿಂದ ಉಜ್ಜಿದಂತೆ ಸವೆದಿದ್ದರೆ ಏರ್ ಫಿಲ್ಟರಿನ ಮೂಲಕ ಧೂಳು ಹೋಗಿದೆ. ಈ ಕಥೆ ಓದದೆ ಕಿಟ್ಟು ಹಾಕಿದರೆ ಹೊಸ ಪಿಸ್ಟನ್ನೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ನಮ್ಮ ಮಿಷನ್ನಿನಲ್ಲಿ ಕಳ್ಳ ಸಿಕ್ಕಿದ್ದು ಹೀಗೆ. ಸೈಲೆನ್ಸರಿನ ದ್ವಾರಕ್ಕೆ ರಬ್ಬರು ಹಾಳೆ ಕೊಟ್ಟು ಬಿಗಿದೆವು, ಕಾರ್ಬುರೇಟರಿನ ದ್ವಾರವನ್ನೂ ಮುಚ್ಚಿದೆವು. ಪ್ಲಗ್ಗಿನ ತೂತಿನಿಂದ ಕೈಪಂಪಿನಲ್ಲಿ ಗಾಳಿ ತುಂಬಿದೆವು. ಅರ್ಧ ಬಾರ್ ಒತ್ತಡ ಸಾಕು, ಹೆಚ್ಚಾದರೆ ಸೀಲು ಹಾರೀತು. ಸೋಪಿನ ನೀರು ಬಳಿದಾಗ, ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ರಬ್ಬರು ಕೊಳವೆಯನ್ನು ಸ್ವಲ್ಪ ಬಗ್ಗಿಸಿದ ಕೂಡಲೇ ಗುಳ್ಳೆ ಎದ್ದವು. ಸುಮ್ಮನೆ ನೋಡಿದರೆ ಕಾಣದ ಬಿರುಕು, ಹಿಡಿಕೆಗೆ ಭಾರ ಬಿದ್ದಾಗ ಮಾತ್ರ ಬಾಯಿ ಬಿಡುತ್ತಿತ್ತು. ಇಡೀ ಕಿಟ್ಟಿನ ಬೆಲೆಯ ಮುಂದೆ ಆ ರಬ್ಬರಿನ ಬೆಲೆ ಏನೂ ಅಲ್ಲ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳನ್ನೂ ಹೀಗೆಯೇ ನೋಡಬೇಕು. ಕೆಲವು ಸೀಲುಗಳು ಒತ್ತಡಕ್ಕೆ ಸೋರದೆ, ಒಳಕ್ಕೆ ಹೀರಿದಾಗ ಮಾತ್ರ ಸೋರುವುದುಂಟು. ಆದುದರಿಂದ ನಿರ್ವಾತ ಪಂಪು ಇರುವ ಮೆಕ್ಯಾನಿಕ್ಕು ಸಿಕ್ಕರೆ ಎರಡೂ ರೀತಿ ಪರೀಕ್ಷೆ ಮಾಡಿಸಿರಿ.

ಹಳೆಯ ಸಿಲಿಂಡರನ್ನು ಗುಜರಿಗೆ ಹಾಕಬೇಡಿ

ಹಳೆಯ ಮೋಟರ್ ಸೈಕಲ್ಲಿನ ಬೀಡು ಸಿಲಿಂಡರನ್ನು ಬೋರು ಮಾಡಿಸಿ ದೊಡ್ಡ ಪಿಸ್ಟನ್ನು ಹಾಕಿಸಿದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಚೈನ್‌ಸಾದಲ್ಲಿ ಅದು ನಡೆಯದು. ಇಲ್ಲಿಯ ಸಿಲಿಂಡರು ಅಲ್ಯುಮಿನಿಯಮ್ಮಿನದು, ಒಳಗೆ ನಿಕ್ಕಲ್ ಅಥವಾ ಕ್ರೋಮಿನ ತೆಳುವಾದ, ಬಲು ಗಟ್ಟಿಯಾದ ಲೇಪವಿರುತ್ತದೆ. ಬೋರು ಮಾಡಿದರೆ ಲೇಪವೇ ಹೋಗುತ್ತದೆ.

ಆದರೆ ಈ ಗಟ್ಟಿತನದಿಂದಲೇ ಒಂದು ಲಾಭವಿದೆ. ಎಷ್ಟೋ ಸಲ ಗೀರು ಬಿದ್ದಂತೆ ಕಾಣುವುದು ಲೇಪಕ್ಕಲ್ಲ, ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಅದರ ಮೇಲೆ ಮೆತ್ತಿಕೊಂಡಿರುತ್ತದೆ. ಮೊದಲು ಎಮರಿ ಬಟ್ಟೆಯಿಂದ ನಯವಾಗಿ ತಿಕ್ಕಿ ನೋಡಬಹುದು. ಜಗ್ಗದಿದ್ದರೆ ಹತ್ತಿಯ ಕಡ್ಡಿಯಿಂದ ಮ್ಯೂರಿಯಾಟಿಕ್ ಆಸಿಡ್ಡನ್ನು ಮೆತ್ತಿದ ಜಾಗಕ್ಕೆ ಮಾತ್ರ ತಾಗಿಸಬೇಕು. ಅಲ್ಯುಮಿನಿಯಂ ನೊರೆಯಾಗಿ ಕರಗುತ್ತದೆ. ನೊರೆ ನಿಂತ ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಕೈಗವಸು, ಕಣ್ಣಿಗೆ ಕನ್ನಡಕ ಹಾಕಿ, ಬಯಲಿನಲ್ಲಿಯೇ ಮಾಡತಕ್ಕದ್ದು. ಲೇಪವಿಲ್ಲದ ದ್ವಾರಗಳ ಒಳಗೆ ಆಸಿಡ್ ಹೋದರೆ ಸಿಲಿಂಡರನ್ನೇ ತಿಂದೀತು. ಆಮೇಲೆ ಉಗುರಿನಿಂದ ಅಡ್ಡಲಾಗಿ ಸವರಿ ನೋಡಿರಿ. ಉಗುರು ತಡೆಯದಿದ್ದರೆ, ಲೇಪ ಸುಲಿದಿರದಿದ್ದರೆ, ಆ ಸಿಲಿಂಡರು ಇನ್ನೂ ದುಡಿಯುತ್ತದೆ. ಬರೀ ಪಿಸ್ಟನ್ನು, ರಿಂಗು ತಂದರೆ ಸಾಕು. ಬೇರೆ ತಯಾರಕರ ಮಾಲೆಲ್ಲ ಕೆಟ್ಟದ್ದೆಂದಲ್ಲ. ಇಟಲಿಯ ಮೀಟಿಯೋರ್ ಪಿಸ್ಟನ್ನುಗಳಿಗೆ ಮೆಕ್ಯಾನಿಕ್ಕುಗಳಲ್ಲಿ ಒಳ್ಳೆಯ ಹೆಸರಿದೆ.

ಕಿಟ್ಟೇ ಬೇಕಾದರೆ

ಲೇಪ ಸುಲಿದಿದ್ದರೆ ಕಿಟ್ಟು ತರಿಸಲೇಬೇಕು. ಆಗ ಗಮನಿಸತಕ್ಕ ಸಂಗತಿಗಳು:

1. ಅಳತೆ. ಹೊರಮೈ ನೋಡಿ ತರಿಸಬೇಡಿ. ಸ್ಟಿಲ್ ಎಂ.ಎಸ್. 170 ಮತ್ತು 180 ಮಿಷನ್ನುಗಳು ನೋಡಲು ಅವಳಿಜವಳಿ, ಆದರೆ ಮೊದಲನೆಯದರ ಬೋರು 37 ಮಿ.ಮೀ., ಎರಡನೆಯದರದು 38 ಮಿ.ಮೀ. ಹಾಗೆಯೇ 58 ಸಿ.ಸಿ. ಎಂದು ಮಾರುವ ಅಗ್ಗದ ಮಿಷನ್ನುಗಳಲ್ಲಿ ಸಾಮಾನ್ಯವಾಗಿ ಬೋರು 45.2, ಸ್ಟ್ರೋಕು 34 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 54.5 ಸಿ.ಸಿ. ಮಾತ್ರ! ಹಳೆಯ ಪಿಸ್ಟನ್ನನ್ನು ಅಳೆದೇ ತರಿಸಿರಿ.

2. ದ್ವಾರಗಳ ಅಂಚು. ಅಗ್ಗದ ಸಿಲಿಂಡರಿನಲ್ಲಿ ಅಂಚು ಚೂಪಾಗಿರುತ್ತದೆ, ಲೇಪದ ಹರಳೂ ಉಳಿದಿರುತ್ತದೆ. ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ನಯವಾದ ಸಾಣೆಯಿಂದ ಅಂಚು ಮುರಿದು, ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು.

3. ರಿಂಗಿನ ಸಂದು. ರಿಂಗನ್ನು ಸಿಲಿಂಡರಿನೊಳಗೆ ನೇರವಾಗಿ ಕೂಡಿಸಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಬೋರಿನ ಪ್ರತಿ 25 ಮಿ.ಮೀ.ಗೆ 0.1 ಮಿ.ಮೀ. ಸಂದಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಸಂದಿಲ್ಲದಿದ್ದರೆ ಕಾದಾಗ ಹಿಗ್ಗಿ ಕಚ್ಚೀತು.

4. ಸರ್ಕ್ಲಿಪ್ಪು. ಕಿಟ್ಟಿನೊಳಗಿನದನ್ನು ನಂಬದೆ ಕಂಪನಿಯದನ್ನೇ ಹಾಕಿರಿ. ಬಾಯಿ ಮೇಲಕ್ಕೆ ಅಥವಾ ಕೆಳಕ್ಕೆ ಇರಲಿ, ಪಕ್ಕಕ್ಕೆ ಬೇಡ. ಹಾಕುವಾಗ ಕೆಳಗಿನ ಬಾಯಿಗೆ ಬಟ್ಟೆ ತುರುಕಿಡಿ. ಕ್ಲಿಪ್ಪು ಕ್ರ್ಯಾಂಕಿನೊಳಗೆ ಬಿದ್ದರೆ ಮತ್ತೆ ಇಡೀ ಮಿಷನ್ನು ಬಿಚ್ಚಬೇಕು.

5. ದಿಕ್ಕು. ಪಿಸ್ಟನ್ನಿನ ಮೇಲಿನ ಬಾಣ ಸೈಲೆನ್ಸರಿನ ಕಡೆಗಿರಬೇಕು. ರಿಂಗಿನ ತುದಿಗಳು ಗಾಡಿಯಲ್ಲಿರುವ ಪುಟ್ಟ ಪಿನ್ನಿನ ಎರಡು ಬದಿಗೆ ಬರಬೇಕು.

6. ಅಡಿಯ ಕೂಡಿಕೆ. ಕೆಲವು ಮಿಷನ್ನುಗಳಲ್ಲಿ ಗ್ಯಾಸ್ಕೆಟ್ಟಿಲ್ಲ, ಸೀಲಂಟ್ ಹಚ್ಚಿ ಕೂಡಿಸಿರುತ್ತಾರೆ. ಹಳೆಯದನ್ನು ಪೂರ್ತಿ ಕೆರೆದು ತೆಗೆಯದೆ ಹೊಸದು ಹಚ್ಚಿದರೆ ಅಲ್ಲಿಯೇ ಮತ್ತೊಂದು ಕಳ್ಳಗಾಳಿ. ಕೂಡಿಸಿದ ಮೇಲೆ ಪುನಃ ಗಾಳಿ ತುಂಬಿ ಪರೀಕ್ಷಿಸಿರಿ.

ಮೊದಲ ಮೂರು ಟ್ಯಾಂಕು ಮುಗಿಯುವ ತನಕ, ಮರಕ್ಕೆ ತಾಗಿಸದೆ ಪೂರ್ತಿ ಆಕ್ಸಲರೇಟರು ಒತ್ತಬೇಡಿ. ಒಮ್ಮೆ ಕಾದು ಆರಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.

ಪೆಟ್ರೋಲಿನ ವಿಚಾರ

ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ. ಕಂಪನಿಯವರು 25ಕ್ಕೆ 1 ಎಂದು ಹೇಳಿದ್ದರೆ 40 ಮಿ.ಲೀ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ, ಅಳತೆಯ ಲೋಟ ಇಟ್ಟುಕೊಳ್ಳಿ. ಬೈಕಿನ ಎಂಜಿನ್ ಆಯಿಲ್ ಸರ್ವಥಾ ಬೇಡ.

2023ರಲ್ಲಿ ದೇಶದಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು ಆರಂಭವಾಗಿ, 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಇಂಥ ಮಿಷನ್ನುಗಳ ಅನೇಕ ಕೈಪಿಡಿಗಳಲ್ಲಿ ಶೇಕಡಾ 10ರ ಮಿತಿ ಬರೆದಿದೆ. ಎಥನಾಲ್ ಹೆಚ್ಚಾದರೆ ಅದೇ ಕಾರ್ಬುರೇಟರ್ ಹೊಂದಿಕೆಯಲ್ಲಿ ಮಿಶ್ರಣ ತೆಳುವಾಗುತ್ತದೆ, ಹಳೆಯ ರಬ್ಬರು ಕೊಳವೆ, ಡಯಾಫ್ರಮ್ಮುಗಳೂ ಬೇಗ ಕೆಡುತ್ತವೆ. ಮೇಲಾಗಿ ಎಥನಾಲ್ ನೀರನ್ನು ಹೀರುತ್ತದೆ, ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರಗಾಲ? ಆದಕಾರಣ ಹದಿನೈದು ದಿನಕ್ಕೆ ಬೇಕಾದಷ್ಟೇ ಬೆರೆಸಿರಿ. ಮಿಷನ್ನನ್ನು ಕಟ್ಟಿಡುವ ಮೊದಲು ಟ್ಯಾಂಕು ಬರಿದು ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿರಿ. ಕಾರ್ಬುರೇಟರಿನ ಹೊಂದಿಕೆಯನ್ನು ಬಲ್ಲವರಿಂದ ಸರಿಮಾಡಿಸಿಕೊಳ್ಳಿ.

ಕೊನೆಯ ಮಾತು

ನಮ್ಮ ಮಿಷನ್ನಿನ ಮೂಲ ಸಿಲಿಂಡರು ಗೋಣಿಚೀಲದಲ್ಲಿ ಹಾಗೆಯೇ ಉಳಿದಿತ್ತು. ಮೆತ್ತಿದ್ದನ್ನು ತೆಗೆದು ನೋಡಿದರೆ ಲೇಪ ಕನ್ನಡಿಯಂತಿತ್ತು. ಒಂದು ಪಿಸ್ಟನ್ನು, ಒಂದು ರಬ್ಬರು ಕೊಳವೆ, ಎರಡು ಸೀಲು ಹಾಕಿಸಿದೆವು. ಅದು ಇಂದಿಗೂ ಕೆಲಸ ಮಾಡುತ್ತಿದೆ. ಮೊದಲ ದಿನವೇ ಹೀಗೆ ಮಾಡಿದ್ದರೆ ಒಂದಿಡೀ ಕಿಟ್ಟಿನ ಹಣ ಸಂಘಕ್ಕೆ ಉಳಿಯುತ್ತಿತ್ತು. ಆ ತಪ್ಪಿನ ಹೊಣೆ ನಮ್ಮದು.

ಮಿಷನ್ನು ನಿಂತರೆ ಸದಸ್ಯರು ಮೊದಲು ಪಿಸ್ಟನ್ನನ್ನು ನೋಡಲಿ, ಆಮೇಲೆ ಬೆಲೆಪಟ್ಟಿಯನ್ನು ನೋಡಲಿ. ಬಿಚ್ಚಿದ ಭಾಗಗಳನ್ನು ಗ್ಯಾರೇಜಿನಲ್ಲಿಯೇ ಬಿಟ್ಟು ಬರಬೇಡಿ, ಕೇಳಿ ಮನೆಗೆ ತನ್ನಿರಿ. ಮಳೆಗಾಲಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಮಿಷನ್ನನ್ನು ಚಾಲೂ ಮಾಡಿ, ಅದರ ಸ್ವರ ಕೇಳಿಸಿಕೊಳ್ಳಿ. ಗಾಳಿ ಎದ್ದು ಮರ ಬಿದ್ದ ದಿನ ಅದಕ್ಕೆಲ್ಲ ಸಮಯವಿರುವುದಿಲ್ಲ.