ಮಗಳ ಹೆಡ್‌ಫೋನ್ ಮತ್ತು ವಾಶಿ ಸೇತುವೆ

ನನ್ನ ಮಗಳಿಗೆ ಈಗ ಹದಿನಾರು. ಹತ್ತನೇ ತರಗತಿ ಮುಗಿಸಿ ಚೆಂಬೂರಿನ ಕಾಲೇಜೊಂದರಲ್ಲಿ ಹನ್ನೊಂದಕ್ಕೆ ಸೇರಿದ್ದಾಳೆ. ನಮ್ಮ ಮನೆ ಬೇಲಾಪುರದಲ್ಲಿ. ಬೆಳಿಗ್ಗೆ ಹಾರ್ಬರ್ ಲೈನಿನ ಲೋಕಲ್ ಹತ್ತಿದರೆ ನೆರೂಲ್, ವಾಶಿ ದಾಟಿ, ಖಾಡಿಯ ಮೇಲಿನ ಸೇತುವೆ ಹಾದು, ಮಾನ್‌ಖುರ್ದ್, ಗೋವಂಡಿ ಕಳೆದು ಚೆಂಬೂರು. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು.

"ಅಬ್ಬಾ, ಒಂದು ವೈರ್‌ಲೆಸ್ ಹೆಡ್‌ಫೋನ್ ಬೇಕು. ಟ್ರೇನಲ್ಲಿ ಲೆಕ್ಚರ್ ಕೇಳ್ಬಹುದು" ಅಂದಳು. ಲೆಕ್ಚರ್ ಎಷ್ಟು, ಹಾಡು ಎಷ್ಟು ಅಂತ ನಾನು ಕೇಳಲಿಲ್ಲ. ಸ್ಟೇಷನ್ ದಾರಿಯಲ್ಲಿ 399 ರೂಪಾಯಿಗೆ ಒಂದು ಜೋಡಿ ತಂದುಕೊಟ್ಟೆ. ಎರಡು ತಿಂಗಳಿಗೆ ಬಲಗಿವಿಯದು ಮೂಕವಾಯಿತು. ಬಿಲ್ ಇರಲಿಲ್ಲ, ಪೆಟ್ಟಿಗೆಯನ್ನು ಅಂದೇ ಎಸೆದಿದ್ದೆ. ಕೇಳುವುದಾದರೂ ಯಾರನ್ನು?

ದುಡ್ಡು ಹೋದದ್ದು ದೊಡ್ಡ ಮಾತಲ್ಲ. ಅದು ಕೆಡುವ ಕೆಲ ದಿನ ಮೊದಲು ಕಾಲೇಜಿನ ಕೆಲಸಕ್ಕೆಂದು ಅವಳ ಜೊತೆ ನಾನೂ ಹೋಗಿದ್ದೆ. ಪಕ್ಕದಲ್ಲೇ ಕೂತಿದ್ದಳು. ವಾಶಿ ಬಿಟ್ಟು ರೈಲು ಸೇತುವೆ ಏರುತ್ತಿದ್ದಂತೆ ಸದ್ದು ಜೋರಾಯಿತು. ಅವಳ ಬೆರಳು ತಾನಾಗಿಯೇ ಫೋನಿನ ವಾಲ್ಯೂಮ್ ಬಟನ್ ಮೇಲೆ ಹೋಯಿತು. ಎರಡು ಸಲ, ಮೂರು ಸಲ ಒತ್ತಿದಳು. ಸೇತುವೆ ಮುಗಿದು ಮಾನ್‌ಖುರ್ದ್ ಬಂತು, ಸದ್ದು ಇಳಿಯಿತು. ವಾಲ್ಯೂಮ್ ಮಾತ್ರ ಇಳಿಯಲಿಲ್ಲ. ಅವಳ ಕಿವಿಯೊಳಗಿನ ಹಾಡು ನನಗೆ ಕೇಳಿಸುತ್ತಿತ್ತು. ಅಷ್ಟು ಗದ್ದಲದ ಡಬ್ಬಿಯಲ್ಲಿ ನನ್ನ ಕಿವಿಗೇ ಕೇಳಿದರೆ ಅವಳ ಕಿವಿಯೊಳಗೆ ಎಷ್ಟಿದ್ದೀತು?

ನನ್ನ ಕಿವಿಯ ಕತೆಯನ್ನೂ ಹೇಳಿಬಿಡುತ್ತೇನೆ. ತುರ್ಭೆ ಕಡೆಯ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಯಂತ್ರಗಳ ಪಕ್ಕ ನಿಂತವನು ನಾನು. ಕಿವಿಗೆ ಹತ್ತಿ ಇಟ್ಟುಕೊಂಡರೆ ನಾವೇ ಒಬ್ಬರನ್ನೊಬ್ಬರು ನಗುತ್ತಿದ್ದ ಕಾಲ. ಈಗ ರಾತ್ರಿ ಎಲ್ಲ ಮಲಗಿದ ಮೇಲೂ ನನ್ನ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು ನಿಲ್ಲುವುದಿಲ್ಲ. ಹಾಗಾಗಿ ಎರಡನೇ ಸಲ ಕೊಳ್ಳುವಾಗ ನಾನು ಮೊದಲು ಬೆಲೆ ನೋಡಲಿಲ್ಲ, ಬಾಸ್ ನೋಡಲಿಲ್ಲ. 'ಯಾವುದನ್ನು ಹಾಕಿಕೊಂಡರೆ ಸೇತುವೆಯ ಮೇಲೂ ವಾಲ್ಯೂಮ್ ಏರಿಸಬೇಕಾಗುವುದಿಲ್ಲ?' ಅಂತ ನೋಡಿದೆ. ಮಕ್ಕಳಿಗೆ ಹೆಡ್‌ಫೋನ್ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಕಾರಣ ಸರಳ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಸದ್ದಿನ ಅಲೆಯನ್ನು ಮೆದುಳಿಗೆ ಅರ್ಥವಾಗುವ ಸಂಕೇತವಾಗಿ ಬದಲಿಸುವುದು ಇವೇ. ಜೋರು ಸದ್ದಿಗೆ ಇವು ಬಳಲುತ್ತವೆ. ಬಳಲಿಕೆ ದಿನವೂ ಆದರೆ ಸಾಯುತ್ತವೆ. ಚರ್ಮ, ಕೂದಲು, ಉಗುರು ಮತ್ತೆ ಬೆಳೆಯುತ್ತವೆ. ಮನುಷ್ಯರಲ್ಲಿ ಈ ಕೋಶಗಳು ಮತ್ತೆ ಬೆಳೆಯುವುದಿಲ್ಲ. ನೋವಾಗುವುದಿಲ್ಲ, ರಕ್ತ ಬರುವುದಿಲ್ಲ, ಆದ್ದರಿಂದ ಮಕ್ಕಳಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಲೆಕ್ಕ ಕೊಟ್ಟಿದೆ. ದೊಡ್ಡವರಿಗೆ 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗಾದರೆ 75 ಡೆಸಿಬಲ್‌ನಲ್ಲಿ 40 ಗಂಟೆ. ಡೆಸಿಬಲ್ ಲೆಕ್ಕ ನಮ್ಮ ಕಿಲೋ, ಲೀಟರ್ ಲೆಕ್ಕದಂತಲ್ಲ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. ದೊಡ್ಡವರ ಲೆಕ್ಕವನ್ನೇ ಹಿಡಿದರೂ 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5 ಗಂಟೆ. 100 ಡೆಸಿಬಲ್‌ಗೆ ಹೋದರೆ ಇಡೀ ವಾರಕ್ಕೆ ಸುಮಾರು 20 ನಿಮಿಷ.

ಈಗ ನಮ್ಮ ಹುಡುಗಿಯ ಲೆಕ್ಕ ಹಾಕಿ. ಒಂದು ಕಡೆಗೆ 35 ನಿಮಿಷ, ದಿನಕ್ಕೆ ಎರಡು ಸಲ, ವಾರಕ್ಕೆ ಆರು ದಿನ. ಒಟ್ಟು 7 ಗಂಟೆ. 80ರಲ್ಲಿ ಕೇಳಿದರೆ ಏನೂ ತೊಂದರೆ ಕಾಣುವುದಿಲ್ಲ. ರೈಲಿನ ಗದ್ದಲ ಮೀರಿಸಲು ಬರೀ 9 ಡೆಸಿಬಲ್ ಏರಿಸಿದಳು ಅನ್ನಿ, ವಾರದ 5 ಗಂಟೆಯ ಪಾಲು ರೈಲಿನಲ್ಲೇ ಖರ್ಚಾಗಿ ಇನ್ನೂ ಎರಡು ಗಂಟೆ ಸಾಲ. ಮನೆಯಲ್ಲಿ ಕೇಳುವುದು ಬೇರೆ. ಹಾಗಾಗಿ ಹೊರಗಿನ ಸದ್ದನ್ನು ಹೊರಗೇ ತಡೆಯುವ ಹೆಡ್‌ಫೋನ್ ಬೇಕು. ಗದ್ದಲ ಒಳಗೆ ಬರದಿದ್ದರೆ ಹಾಡು ಮೆಲ್ಲಗಿದ್ದರೂ ಕೇಳುತ್ತದೆ.

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ತಲೆಯ ಮೇಲಿಂದ ಬಂದು ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡದು, ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್, ಮತ್ತು ತಂತಿಯೇ ಇಲ್ಲದ ಪುಟ್ಟ ಇಯರ್‌ಬಡ್. ಮನೆಯಲ್ಲಿ ಕೂತು ಓದುವವರಿಗೆ ದೊಡ್ಡದು ಒಳ್ಳೆಯದು. ಆದರೆ ಬೆಳಗಿನ ಲೋಕಲ್‌ನ ನೂಕುನುಗ್ಗಲಿನಲ್ಲಿ ಅದು ತಲೆಯ ಮೇಲೆ ನಿಲ್ಲುವುದು ಕಷ್ಟ. ತಲೆಗೆ ದುಪಟ್ಟಾ ಹೊದ್ದುಕೊಳ್ಳುವ ಹುಡುಗಿಯರಿಗೆ ನಡುವೆ ಬಟ್ಟೆ ಬಂದು ಕುಶನ್ ಕಿವಿಗೆ ಸರಿಯಾಗಿ ಕೂರುವುದೂ ಇಲ್ಲ. ಇಯರ್‌ಬಡ್ ನೋಡಲು ಚೆಂದ. ಹತ್ತುವಾಗ ಯಾರದ್ದೋ ಮೊಣಕೈ ತಾಗಿ ಒಂದು ಹಳಿಗೆ ಬಿತ್ತೆಂದರೆ ಉಳಿದದ್ದೊಂದನ್ನು ಇಟ್ಟುಕೊಂಡು ಏನು ಮಾಡುವುದು? ನೆಕ್‌ಬ್ಯಾಂಡ್ ಕಿವಿಯಿಂದ ಜಾರಿದರೂ ಕುತ್ತಿಗೆಯಲ್ಲೇ ಇರುತ್ತದೆ. ಬ್ಯಾಟರಿಗೂ ಅದರಲ್ಲಿ ಹೆಚ್ಚು ಜಾಗ.

ಯಾವುದೇ ಬಗೆಯಾಗಲಿ, ಕಿವಿಯೊಳಗೆ ಹಾಕುವುದಾದರೆ ತುದಿಯಲ್ಲಿ ಸಿಲಿಕೋನ್ ರಬ್ಬರ್ ಇರಬೇಕು. ಗಟ್ಟಿ ಪ್ಲಾಸ್ಟಿಕ್ಕಿನದು ಕಿವಿಯ ಬಾಯಲ್ಲಿ ಸುಮ್ಮನೆ ಕೂರುತ್ತದೆ, ಹೊರಗಿನ ಸದ್ದನ್ನೆಲ್ಲ ಒಳಗೆ ಬಿಡುತ್ತದೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ರಬ್ಬರ್ ಇರುತ್ತವೆ. ಹೆಚ್ಚಿನವರು ಹಾಕಿಕೊಟ್ಟದ್ದನ್ನೇ ಹಾಕಿಕೊಂಡು ಉಳಿದವನ್ನು ಎಸೆಯುತ್ತಾರೆ. ಮೂರನ್ನೂ ಹಾಕಿ ನೋಡಿ. ಎರಡು ಕಿವಿಗೆ ಎರಡು ಅಳತೆ ಬೇಕಾಗಬಹುದು. ಹಾಡು ಹಾಕದೆ ಸುಮ್ಮನೆ ಕಿವಿಗಿಟ್ಟಾಗ ಫ್ಯಾನಿನ ಸದ್ದು ಕಡಿಮೆಯಾದರೆ ಅಳತೆ ಸರಿಯಾಗಿದೆ. ಅಳತೆ ಸರಿಯಾದರೆ ಬಾಸ್ ಕೂಡ ತಾನಾಗಿ ಬರುತ್ತದೆ.

ಇನ್ನು ಜಾಹೀರಾತಿನ ಮಾತು. ಇಲ್ಲೇ ಹೆಚ್ಚು ಜನ ಮೋಸ ಹೋಗುವುದು. ಎಎನ್‌ಸಿ, ಇಎನ್‌ಸಿ ಅಂತ ಎರಡು ಶಬ್ದಗಳಿವೆ. ಕೇಳಲು ಅಣ್ಣತಮ್ಮಂದಿರಂತಿವೆ, ಕೆಲಸ ಬೇರೆ ಬೇರೆ. ಎಎನ್‌ಸಿ ಇದ್ದರೆ ಹೆಡ್‌ಫೋನಿನ ಮೈಕ್ ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸಿ, ನಮ್ಮ ಕಿವಿಯಲ್ಲಿ ಅದನ್ನು ತಗ್ಗಿಸುತ್ತದೆ. ರೈಲಿನ ಗಾಲಿಯ ಒಂದೇ ಸಮನೆ ಗುಡುಗುವಂಥ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮನುಷ್ಯರ ಮಾತಿಗೆ ಅಷ್ಟಾಗಿ ಇಲ್ಲ. ಇಎನ್‌ಸಿ ಕೆಲಸ ಮಾಡುವುದು ಫೋನಿನಲ್ಲಿ ಮಾತಾಡುವಾಗ, ಅದೂ ಆ ಕಡೆಯವರಿಗಾಗಿ. ನಮ್ಮ ಸುತ್ತಲಿನ ಗದ್ದಲ ಅವರಿಗೆ ಕೇಳಿಸದಂತೆ ಮಾಡುತ್ತದೆ. ನಮ್ಮ ಕಿವಿಗೆ ಅದರಿಂದ ಏನೂ ಲಾಭವಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ನಾಯ್ಸ್ ಕ್ಯಾನ್ಸಲೇಶನ್' ಅಂತ ಬರೆದಿದ್ದರೆ ಯಾವುದು ಅಂತ ಓದಿ ನೋಡಿ.

'50 ಗಂಟೆ ಬ್ಯಾಟರಿ' ಅಂತ ಇಯರ್‌ಬಡ್‌ಗೆ ಬರೆದಿದ್ದರೆ ಅದು ಡಬ್ಬಿಯ ಚಾರ್ಜನ್ನೂ ಸೇರಿಸಿದ ಲೆಕ್ಕ. ಕಿವಿಯಲ್ಲಿ ಒಂದೇ ಸಮನೆ ಅಷ್ಟು ಓಡುವುದಿಲ್ಲ. ಎಎನ್‌ಸಿ ಹಾಕಿದರೆ ಇನ್ನೂ ಕಡಿಮೆ. ಬ್ಲೂಟೂತ್ 5.0 ಅಥವಾ ಅದರ ಮೇಲಿನದು ಇದ್ದರೆ ಸಾಕು, 5.3 ಅಂದ ಮಾತ್ರಕ್ಕೆ ಹಾಡು ಇಂಪಾಗುವುದಿಲ್ಲ. ನಮ್ಮ ನವಿ ಮುಂಬಯಿಯ ಮಳೆಗೆ ಮಾತ್ರ ಐಪಿಎಕ್ಸ್4 ಅಥವಾ ಐಪಿಎಕ್ಸ್5 ಗುರುತು ಬೇಕು. ಬೆವರು, ತುಂತುರು ತಡೆಯುತ್ತದೆ. ನೀರಲ್ಲಿ ಮುಳುಗಿಸಬಹುದು ಅಂತ ಅರ್ಥವಲ್ಲ. ಚಾರ್ಜಿಂಗಿಗೆ ಟೈಪ್-ಸಿ ಇದ್ದರೆ ಫೋನಿನ ಚಾರ್ಜರೇ ಆದೀತು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಅನ್ನುವ ಸರಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪೆನಿಯ ಯಾವ ವಸ್ತು ಅಂತ ತೋರಿಸುತ್ತದೆ. ಕಿವಿಯ ಪಕ್ಕ, ಕುತ್ತಿಗೆಯ ಮೇಲೆ ಲಿಥಿಯಂ ಬ್ಯಾಟರಿ ಇಟ್ಟುಕೊಳ್ಳುತ್ತೇವಲ್ಲ, ಅಷ್ಟು ಪರೀಕ್ಷೆ ಮಾಡಲೇಬೇಕು. ಬಿಲ್ ತೆಗೆದುಕೊಳ್ಳಿ, ಅದರ ಫೋಟೊ ತೆಗೆದಿಡಿ. ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನನ್ನ 399ರ ಪಾಠ ಇಷ್ಟೇ.

ಸಾಧನ ತಂದರೆ ಕೆಲಸ ಮುಗಿಯಲಿಲ್ಲ. ಫೋನಿನ ಸೆಟ್ಟಿಂಗ್ಸ್ ಒಳಗೆ ವಾಲ್ಯೂಮಿಗೆ ಮಿತಿ ಹಾಕುವ ವ್ಯವಸ್ಥೆ ಹಲವು ಫೋನುಗಳಲ್ಲಿದೆ. ಸ್ಯಾಮ್‌ಸಂಗ್‌ನಲ್ಲಿ 'ಮೀಡಿಯಾ ವಾಲ್ಯೂಮ್ ಲಿಮಿಟ್' ಅಂತ ಇರುತ್ತದೆ, ಐಫೋನಿನಲ್ಲಿ 'ಹೆಡ್‌ಫೋನ್ ಸೇಫ್ಟಿ'. ಮಕ್ಕಳ ಫೋನ್ ಕಿತ್ತುಕೊಂಡು ಹಾಕಬೇಡಿ. ಮೇಲಿನ ಲೆಕ್ಕ ತೋರಿಸಿ, ಅವರ ಕೈಯಲ್ಲೇ ಹಾಕಿಸಿ. ನನ್ನ ಮಗಳು ಲೆಕ್ಕ ನೋಡಿ, "ನೀವು ಇದನ್ನ ಮೊದ್ಲೇ ಹೇಳ್ಬಹುದಿತ್ತಲ್ಲ" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಇನ್ನೊಂದು ಮಾತನ್ನು ಮಾತ್ರ ನಾನು ಗಟ್ಟಿಯಾಗಿಯೇ ಹೇಳಿದೆ. ಚೆನ್ನಾಗಿ ಸದ್ದು ತಡೆಯುವ ಹೆಡ್‌ಫೋನ್ ಡಬ್ಬಿಯೊಳಗೆ ಒಳ್ಳೆಯದು, ಹೊರಗೆ ಅಪಾಯ. ರಸ್ತೆ ದಾಟುವಾಗ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತಾಗ ಎರಡೂ ಕಿವಿ ಖಾಲಿ ಇರಬೇಕು. ಮುಂಬಯಿ ಲೋಕಲ್‌ಗಳಿಗೆ ವರ್ಷವರ್ಷವೂ ಬಲಿಯಾಗುವವರಲ್ಲಿ ದೊಡ್ಡ ಪಾಲು ಹಳಿ ದಾಟುವವರದು. ಹಳಿ ದಾಟುವುದು ಅಪರಾಧವೂ ಹೌದು. ಕಿವಿ ಮುಚ್ಚಿಕೊಂಡವರಿಗೆ ರೈಲಿನ ಹಾರ್ನ್ ಕೂಡ ಹಾಡಿನ ಭಾಗದಂತೆ ಕೇಳಿಸೀತು.

ಕೊನೆಗೆ ನಾವು ತಂದದ್ದು ಎರಡು ಸಾವಿರದೊಳಗಿನ, ಎಎನ್‌ಸಿ ಇರುವ ಒಂದು ನೆಕ್‌ಬ್ಯಾಂಡ್. ಎಡಗಿವಿಗೆ ಮಧ್ಯಮ ರಬ್ಬರ್, ಬಲಗಿವಿಗೆ ಚಿಕ್ಕದು. ಕಳೆದ ಶನಿವಾರ ಮತ್ತೆ ಅವಳ ಜೊತೆ ಹೋದೆ. ವಾಶಿ ಬಿಟ್ಟಿತು, ಸೇತುವೆ ಬಂತು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಅವಳು ಕಿಟಕಿಯಾಚೆ ಖಾಡಿ ನೋಡುತ್ತಾ ಕೂತಿದ್ದಳು. ಫೋನ್ ಬ್ಯಾಗಿನಲ್ಲೇ ಇತ್ತು.