ಬೀಳುವ ಕಡೆಗೆ ಊರುಗೋಲು

ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿ ಹರಿಗೋಲನ್ನು ಹತ್ತಿದವರೆಲ್ಲರೂ, ಹೆಸರನ್ನರಿಯದಿದ್ದರೂ, ನ್ಯೂಟನ್ನನ ಮೂರನೆಯ ನಿಯಮವನ್ನು ಮೈಯಿಂದ ಅರಿತವರೇ ಸರಿ. ಅಂಬಿಗನು ಹುಟ್ಟನ್ನು ಒಂದು ಕಡೆಗೆ ಸೆಳೆದೊಡನೆ ದುಂಡನೆಯ ಆ ಬುಟ್ಟಿಯು ಇನ್ನೊಂದು ಕಡೆಗೆ ಗಿರ್ರನೆ ತಿರುಗುವುದು. ಹೆಲಿಕಾಪ್ಟರಿನ ಒಡಲಿಗೆ ಒದಗುವ ಸಂಕಟವೂ ಇದೇ: ಎಂಜಿನು ಮೇಲಿನ ರೋಟರನ್ನು ಒಂದು ದಿಕ್ಕಿಗೆ ತಿರುಗಿಸುವಾಗ ಒಡಲು ಅದಕ್ಕೆ ವಿರುದ್ಧವಾಗಿ ತಿರುಗಲು ಹವಣಿಸುತ್ತದೆ, ಬಾಲದ ತುದಿಯ ಪುಟ್ಟ ರೋಟರು ಅದನ್ನು ಎಡೆಬಿಡದೆ ತಡೆಹಿಡಿದಿರುತ್ತದೆ.

ಪಾಂಡವಪುರದಲ್ಲಿರುವ ನನ್ನ ಅಕ್ಕನ ಮಗನ ಬಳಿ ರೇಡಿಯೋ ತರಂಗಗಳಿಂದ ನಡೆಯುವ ಅಂಥದೊಂದು ಹೆಲಿಕಾಪ್ಟರಿದೆ. ಅದನ್ನು ಆಟಿಕೆಯೆನ್ನಲು ನನಗೆ ಮನಸ್ಸೊಪ್ಪದು. 70 ಸೆಂಟಿಮೀಟರ್ ವ್ಯಾಸದ ಅದರ ರೋಟರು ನಿಮಿಷಕ್ಕೆ 2,400 ಸುತ್ತು ಸುತ್ತುವಾಗ ರೆಕ್ಕೆಯ ತುದಿಯು ಗಂಟೆಗೆ 300 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುವುದರಿಂದ, ಅದರ ಹತ್ತಿರಕ್ಕೆ ಯಾರನ್ನೂ ಅವನು ಬಿಡುವುದಿಲ್ಲ. ರಿಮೋಟಿನಲ್ಲಿ ಎರಡು ಕಡ್ಡಿಗಳು: ಎಡಗೈಯದನ್ನು ಮೇಲೆ ಕೆಳಗೆ ಸರಿಸಿದರೆ ಏರಿಳಿತ, ಪಕ್ಕಕ್ಕೆ ಸರಿಸಿದರೆ ಬಾಲದ ತಿರುವು, ಬಲಗೈಯದು ಯಂತ್ರವನ್ನು ಮುಂದಕ್ಕೆ, ಹಿಂದಕ್ಕೆ, ಎಡಬಲಗಳಿಗೆ ವಾಲಿಸುತ್ತದೆ. ಇಷ್ಟನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ನೆಲದಿಂದ ಒಂದು ಮಾರು ಎತ್ತರದಲ್ಲಿ ಅದನ್ನು ಅರ್ಧ ನಿಮಿಷ ನಿಲ್ಲಿಸಲು ನನಗೆ ಮೂರು ವಾರ ಬೇಕಾಯಿತು.

ಕಾರಣವು ಆಮೇಲೆ ತಿಳಿಯಿತು. ಬಲಗೈಯ ಕಡ್ಡಿಯು ಹೆಲಿಕಾಪ್ಟರಿನ ಸ್ಥಾನವನ್ನಾಗಲಿ ವೇಗವನ್ನಾಗಲಿ ನೇರವಾಗಿ ಬದಲಿಸುವುದಿಲ್ಲ. ಕಡ್ಡಿ ಸರಿದಿರುವಷ್ಟು ಹೊತ್ತೂ ವಾಲಿಕೆ ಹೆಚ್ಚುತ್ತಲೇ ಹೋಗುತ್ತದೆ. ಕಡ್ಡಿಯನ್ನು ನಡುವಿಗೆ ತಂದರೆ ವಾಲಿದ್ದು ವಾಲಿದಂತೆಯೇ ಉಳಿಯುವುದಲ್ಲದೆ ತಾನಾಗಿ ಸಮವಾಗದು. ವಾಲಿದ ಯಂತ್ರದ ವೇಗವು ಆ ಕಡೆಗೆ ಏರುತ್ತದೆ. ವೇಗ ಏರಿದ ಮೇಲಷ್ಟೆ ಅದು ಜಾಗ ಬಿಟ್ಟು ಸರಿದದ್ದು ಕಣ್ಣಿಗೆ ಬೀಳುತ್ತದೆ. ಹೊಸಬನು ಆಗ ಗಾಬರಿಯಿಂದ ಎದುರು ದಿಕ್ಕಿಗೆ ಕಡ್ಡಿಯನ್ನು ತಳ್ಳುತ್ತಾನೆ, ಅದು ಅತಿಯಾಗುತ್ತದೆ, ಮತ್ತೆ ಈಚೆಗೆ ತಳ್ಳುತ್ತಾನೆ. ಮೂರನೆಯ ತೂಗಾಟಕ್ಕೆ ನೆಲ ಬಂದಿರುತ್ತದೆ. ಪಳಗಿದವನು ನೋಡುವುದು ಸ್ಥಾನವನ್ನಲ್ಲ, ವಾಲಿಕೆಯನ್ನು. ಅದು ತಲೆದೋರಿದ ಕ್ಷಣದಲ್ಲೇ ಕೂದಲೆಳೆಯಷ್ಟು ತಿದ್ದಿಬಿಡುತ್ತಾನೆ. (ಈಚಿನ ಕೆಲವು ಮಾದರಿಗಳು ಜೈರೋಗಳ ಸಹಾಯದಿಂದ ತಾವೇ ಸಮವಾಗುತ್ತವೆ, ನನ್ನ ಸೋದರಳಿಯನು ಅವನ್ನು ಗಾಲಿಯ ಊರುಗೋಲೆಂದು ಜರೆಯುತ್ತಾನೆ.)

ಕೃಷ್ಣರಾಜಪೇಟೆಯ ಕಡೆಯ ಕೊಯ್ಲಾದ ಗದ್ದೆಯೊಂದರಲ್ಲಿ, ಇಳಿಕಾಲುಗಳ ಕೆಳಗೆ ಅಡ್ಡಡ್ಡವಾಗಿ ಎರಡು ಕಡ್ಡಿಗಳನ್ನು ಕಟ್ಟಿ ತುದಿಗಳಿಗೆ ಚೆಂಡುಗಳನ್ನು ಸಿಕ್ಕಿಸಿದ್ದರೂ, ಬದುವಿಗೆ ತಗುಲಿ ಮಗುಚಿದ ಹೆಲಿಕಾಪ್ಟರಿನ ರೆಕ್ಕೆಯು ತನ್ನ ಬಾಲವನ್ನೇ ಕತ್ತರಿಸಿಹಾಕಿತು. ಕಾಸಿಗೆ ಕಾಸೂ ಹೋಯಿತು, ಮರ್ಯಾದೆಯೂ ಹೋಯಿತು.

ಆದರೂ ಅಷ್ಟರವರೆಗೆ ಹಾರಿಸುವಾಗಲೆಲ್ಲ ಹೆಲಿಕಾಪ್ಟರಿನ ಬಾಲ ನನ್ನ ಕಡೆಗಿತ್ತು. ಅದರ ಎಡವೇ ನನ್ನ ಎಡವಾಗಿತ್ತು. ನಾಗಮಂಗಲದಿಂದ ಉತ್ತರಕ್ಕೆ, ಗುಬ್ಬಿ ತಾಲೂಕಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್.ಎ.ಎಲ್. ಕಾರ್ಖಾನೆಯ ಹೆಲಿಕಾಪ್ಟರುಗಳಿಗೂ ಈ ಪುಟ್ಟ ಯಂತ್ರಕ್ಕೂ ತತ್ತ್ವದಲ್ಲಿ ಭೇದವಿಲ್ಲವೆಂದರೂ ಸಲ್ಲುತ್ತದೆ. ಆದರೆ ಅವುಗಳ ಚಾಲಕನು ಒಳಗೆ ಕುಳಿತಿರುವುದರಿಂದ ಯಂತ್ರ ಎತ್ತ ತಿರುಗಿದರೂ ಅದರ ಬಲವೇ ಅವನ ಬಲ. ನೆಲದ ಮೇಲೆ ನಿಂತವನಿಗೆ ಆ ಭಾಗ್ಯವಿಲ್ಲ. ಹೆಲಿಕಾಪ್ಟರು ಮೂತಿಯನ್ನು ನಮ್ಮ ಕಡೆಗೆ ತಿರುಗಿಸಿದೊಡನೆ ಎಡಬಲಗಳು ಅದಲುಬದಲಾಗುತ್ತವೆ. ಮುಂದಕ್ಕೆ ತಳ್ಳಿದರೆ ನಮ್ಮ ಮೇಲೆಯೇ ಬರುತ್ತದೆ. ಪಾಂಡವಪುರದ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಟ್ರೇಲರನ್ನು ಹಿಮ್ಮುಖವಾಗಿ ನಡೆಸುವ ಟ್ರ್ಯಾಕ್ಟರು ಚಾಲಕನನ್ನು ನೋಡಿರಿ: ಟ್ರೇಲರು ಬಲಕ್ಕೆ ಹೋಗಲೆಂದು ಅವನು ಸ್ಟಿಯರಿಂಗನ್ನು ಎಡಕ್ಕೆ ತಿರುವುತ್ತಾನೆ, ಆ ನಡುವೆ ಪಕ್ಕದವನೊಡನೆ ಮಾತನ್ನೂ ಆಡುತ್ತಾನೆ.

"ಮಾವ, ಎಡ ಬಲ ಅಂತ ಲೆಕ್ಕ ಹಾಕಬೇಡಿ. ಗೊನೆ ಬಿಟ್ಟ ಬಾಳೆಗೆ ಊರುಗೋಲು ಎಲ್ಲಿ ಕೊಡ್ತೀರಿ? ವಾಲಿದ ಕಡೆಗೆ ತಾನೆ? ಇಲ್ಲೂ ಅಷ್ಟೇ, ಬೀಳುವ ಕಡೆಗೇ ಕಡ್ಡಿ ಕೊಡಿ" ಎಂದನು ನನ್ನ ಸೋದರಳಿಯನು. ಮೂತಿ ಎದುರಾಗಿರುವಾಗ ಈ ಸೂತ್ರವು ಕರಾರುವಾಕ್ಕಾಗಿ ಸರಿ: ನಮ್ಮ ಬಲಕ್ಕೆ ವಾಲಿದ್ದು ಅದರ ಎಡಕ್ಕೆ ವಾಲಿದೆ, ನಾವು ಕಡ್ಡಿಯನ್ನು ಬಲಕ್ಕೆ ಕೊಟ್ಟರೆ ಅದು ತನ್ನ ಬಲಕ್ಕೆ, ಎಂದರೆ ನಮ್ಮ ಎಡಕ್ಕೆ, ಮೇಲೇಳುತ್ತದೆ.

ನಾಗಮಂಗಲದ ರಾಗಿ ಹೊಲವೊಂದರಲ್ಲಿ, ಗಾಳಿ ಅಡಗಿದ ಒಂದು ಸಂಜೆ, ಅದನ್ನು ಎದುರುಮುಖವಾಗಿ ನಿಲ್ಲಿಸಿ ಮನಸ್ಸಿನಲ್ಲೇ ಎಣಿಸತೊಡಗಿದೆನು. ಹತ್ತರವರೆಗೂ ಕೈಗಳು ತಮ್ಮ ಪಾಡಿಗೆ ಊರುಗೋಲು ಕೊಡುತ್ತಲಿದ್ದವು. ಹನ್ನೊಂದಕ್ಕೆ, ಎಡವೋ ಬಲವೋ ಎಂಬ ಯೋಚನೆಯೊಂದು ನುಸುಳಿತು. ಹನ್ನೆರಡಕ್ಕೆ ಹೆಲಿಕಾಪ್ಟರು ರಾಗಿಯ ಕೂಳೆಗಳ ನಡುವೆ ಒರಗಿಕೊಂಡಿತ್ತು.