ಮುಹೂರ್ತ ಮುಗಿಯಿತು, ವೀಸಾ ಯಾವಾಗ?

ಮೈಸೂರಿನ ವಿಜಯನಗರದ ಯಾವುದೇ ಮನೆಯಲ್ಲಿ ಹುಡುಗಿ ನೋಡುವ ಶಾಸ್ತ್ರ ನಡೆದರೂ ಮೊದಲು ಹೊರಬರುವುದು ಒಂಟಿಕೊಪ್ಪಲ್ ಪಂಚಾಂಗ. ಗೋತ್ರ, ನಕ್ಷತ್ರ, ಗಣ ಕೂಡಿಬಂದರೆ ಆಮೇಲೆ ಹುಡುಗನ ಕಂಪನಿ, ಸಂಬಳ, ಇರುವುದು ಡಲ್ಲಾಸೋ ನ್ಯೂಜೆರ್ಸಿಯೋ ಎಂಬ ವಿಚಾರಣೆ. ಕೇಸರಿಬಾತು ಮುಗಿಯುವಷ್ಟರಲ್ಲಿ ಎಲ್ಲವೂ ಗೊತ್ತಾಗಿರುತ್ತದೆ, ಒಂದನ್ನು ಬಿಟ್ಟು. ಹುಡುಗ ಅಲ್ಲಿ ಯಾವ ಕಾಗದದ ಮೇಲೆ ಇದ್ದಾನೆ? ಕೇಳಲು ಸಂಕೋಚ. ಕೇಳಿದರೂ "ಅಲ್ಲೇ ಸೆಟ್ಲ್ ಆಗಿದ್ದಾನೆ" ಎಂಬ ಉತ್ತರ ಬರುತ್ತದೆ. ಈ ಮಾತಿಗೆ ಮೂರು ಅರ್ಥಗಳಿವೆ: ಕೆಲಸದ ವೀಸಾ, ಗ್ರೀನ್ ಕಾರ್ಡ್, ಪೌರತ್ವ. ಮಗಳು ಕೆಲವೇ ತಿಂಗಳಲ್ಲಿ ಹೊರಡುತ್ತಾಳೋ, ವರ್ಷಗಟ್ಟಲೆ ತವರಿನಲ್ಲೇ ಕಾಯುತ್ತಾಳೋ ಎಂಬುದು ಯಾವ ಅರ್ಥ ಎಂಬುದರ ಮೇಲೆ ನಿಂತಿದೆ. ಹುಡುಗಿ ಅಲ್ಲಿದ್ದು ಅಳಿಯ ಇಲ್ಲಿ ಕಾಯುವ ಮನೆಗಳೂ ಇವೆ. ನಿಯಮ ಇಬ್ಬರಿಗೂ ಒಂದೇ.

ಹುಡುಗನದು ಎಚ್‌-1ಬಿ ಆದರೆ ಹೆಂಡತಿಗೆ ಸಿಗುವುದು ಎಚ್‌-4. ಇದು ವಲಸೆ ವೀಸಾ ಅಲ್ಲ, ಗಂಡನ ಕೆಲಸದ ವೀಸಾಗೆ ಅಂಟಿಕೊಂಡ ಅವಲಂಬಿತರ ವೀಸಾ. ಡಿಎಸ್‌-160 ಅರ್ಜಿ, ಮದುವೆ ನೋಂದಣಿ ಪತ್ರ, ಗಂಡನ ವೀಸಾ ಅರ್ಜಿಯ ಮಂಜೂರಾತಿ ಪತ್ರವಾದ ಐ-797 ಮತ್ತು ಸಂಬಳದ ಚೀಟಿ ಇದ್ದರೆ ಕಾಗದದ ಕೆಲಸ ಹೆಚ್ಚೇನಿಲ್ಲ. ಇಲ್ಲಿ ಕಾಯುವುದೆಲ್ಲ ಸಂದರ್ಶನದ 'ಸ್ಲಾಟ್‌'ಗಾಗಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಶುರುವಾಯಿತೆಂದು ಮೈಸೂರಿಗರು ಹಿಗ್ಗಿದರು, ಆದರೆ ಅದು ವೀಸಾ ಸೇವೆ ಇಲ್ಲದೆ ಆರಂಭವಾದ ಕಚೇರಿ. 2025ರ ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಈ ಹೊಸ ತಪಾಸಣೆಗಾಗಿ ಆ ತಿಂಗಳು ನಿಗದಿಯಾಗಿದ್ದ ಎಷ್ಟೋ ಸಂದರ್ಶನಗಳು ಹಲವು ತಿಂಗಳು ಮುಂದಕ್ಕೆ ಹೋದವು. ಇನ್ನೊಂದು ಸಂಗತಿಯನ್ನು ಮದುವೆಗೆ ಮೊದಲೇ ಮಗಳಿಗೆ ಹೇಳಿಬಿಡುವುದು ಒಳ್ಳೆಯದು: ಎಚ್‌-4ನಲ್ಲಿ ಹೋದವರು ಹೋದ ಕೂಡಲೇ ಕೆಲಸ ಮಾಡುವಂತಿಲ್ಲ. ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ ಮಾತ್ರ, 2015ರ ಮೇ 26ರಿಂದ ಜಾರಿಯಲ್ಲಿರುವ ನಿಯಮದಂತೆ, ಕೆಲಸದ ಪರವಾನಗಿ ಕೇಳಬಹುದು. ಹೆಬ್ಬಾಳದ ಇನ್ಫೋಸಿಸ್‌ನಲ್ಲಿ ದುಡಿಯುತ್ತಿದ್ದ ಹುಡುಗಿಗೆ ಇದು ಸಣ್ಣ ಮಾತಲ್ಲ.

ಹುಡುಗನಿಗೆ ಗ್ರೀನ್ ಕಾರ್ಡೇ ಬಂದಿದ್ದರೆ ಇನ್ನೂ ಸಲೀಸು ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲೇ ಎಡವುವುದು. ಗ್ರೀನ್ ಕಾರ್ಡುದಾರನ ಹೆಂಡತಿ ಸೇರುವುದು ಎಫ್‌2ಎ ಎಂಬ ಸಾಲಿಗೆ, ಆ ಸಾಲಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇದೆ. ಗಂಡ ಐ-130 ಅರ್ಜಿ ಹಾಕಿದ ದಿನವೇ ಸಾಲಿನಲ್ಲಿ ಅವಳ ಜಾಗ, ಅದನ್ನೇ 'ಪ್ರಯಾರಿಟಿ ಡೇಟ್' ಎನ್ನುವುದು. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ಹೊರಡಿಸುವ 'ವೀಸಾ ಬುಲೆಟಿನ್' ಯಾವ ದಿನಾಂಕದವರೆಗಿನವರಿಗೆ ಬಾಗಿಲು ತೆರೆದಿದೆ ಎಂದು ಹೇಳುತ್ತದೆ. ಇದನ್ನು ಇನ್ನೊಂದು ಪಂಚಾಂಗ ಎಂದುಕೊಳ್ಳಿ, ಒಂದೇ ವ್ಯತ್ಯಾಸ: ಈ ಪಂಚಾಂಗದಲ್ಲಿ ದಿನಗಳು ಹಿಂದಕ್ಕೂ ನಡೆಯುತ್ತವೆ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಎಫ್‌2ಎಗೆ ಸಾಲೇ ಇರಲಿಲ್ಲ, ಅರ್ಜಿ ಮಂಜೂರಾದವರೆಲ್ಲ ಮುಂದೆ ಹೋಗಬಹುದಿತ್ತು. 2023ರ ಏಪ್ರಿಲ್ ಬುಲೆಟಿನ್‌ನಲ್ಲಿ ದಿನಾಂಕ ಏಕಾಏಕಿ 2020ರ ಸೆಪ್ಟೆಂಬರ್‌ಗೆ ಹಿಂದೆ ಸರಿಯಿತು. 'ಇನ್ನೇನು ಬಂತು' ಎಂದು ಸೂಟ್‌ಕೇಸ್ ಕೊಂಡಿದ್ದವರು ಅದನ್ನು ಅಟ್ಟಕ್ಕೆ ಹಾಕಿದರು. ಕಾಯುವ ಅವಧಿಯಲ್ಲಿ ಪ್ರವಾಸಿ ವೀಸಾದಲ್ಲಿ ಹೋಗಿ ಬರೋಣ ಎಂದರೆ ಅದೂ ಕಷ್ಟ. ಅಲ್ಲೇ ನೆಲೆಸಲು ಅರ್ಜಿ ಹಾಕಿದವಳು ವಾಪಸು ಬರುತ್ತಾಳೆಂದು ಅಧಿಕಾರಿ ಸುಲಭಕ್ಕೆ ನಂಬುವುದಿಲ್ಲ.

ಈ ಸಾಲನ್ನು ತಪ್ಪಿಸಿಕೊಳ್ಳುವ ದಾರಿ ಒಂದಿದೆ, ಆದರೆ ಅದು ಮದುವೆಯ ತಾರೀಕಿನಲ್ಲಿದೆ. ಹುಡುಗನ ಕಂಪನಿಯ ಮೂಲಕ ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿದ್ದು, ಕಾರ್ಡ್ ಮಂಜೂರಾಗುವುದಕ್ಕೆ ಮೊದಲೇ ಮದುವೆಯಾಗಿದ್ದರೆ, ಹೆಂಡತಿ ಅವನ ಅರ್ಜಿಯ ಜೊತೆಗಾರ್ತಿಯಾಗುತ್ತಾಳೆ. ಅವನ ಹಳೆಯ ಪ್ರಯಾರಿಟಿ ಡೇಟೇ ಅವಳದೂ ಆಗುತ್ತದೆ. ಕಾರ್ಡ್ ಬಂದ ಮರುದಿನ ತಾಳಿ ಕಟ್ಟಿದರೆ ಅವಳು ಎಫ್‌2ಎ ಸಾಲಿನ ಬಾಲಕ್ಕೆ ಹೋಗುತ್ತಾಳೆ. ಆಷಾಢ ಕಳೆಯಲಿ, ಶ್ರಾವಣದಲ್ಲಿ ಮಾಡೋಣ ಎಂದು ಒಂದು ತಿಂಗಳು ತಳ್ಳುವ ಮನೆಯವರು ಅಷ್ಟರಲ್ಲಿ ಕಾರ್ಡ್ ಬಂದುಬಿಡಬಹುದೇ ಎಂದು ಹುಡುಗನನ್ನು ಒಮ್ಮೆ ಕೇಳಬೇಕು. ಆ ಒಂದು ತಿಂಗಳಿಗೆ ವರ್ಷಗಳ ಬೆಲೆ ತೆರಬೇಕಾದೀತು.

ಹಾಗಾದರೆ ಈಗಲೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಮಾಡಿಬಿಡೋಣ, ಛತ್ರದ ಮದುವೆ ಆಮೇಲೆ ನೋಡೋಣ ಎನ್ನುವವರಿದ್ದಾರೆ. ನಮ್ಮ ಕಡೆ ಇದು ವಾಡಿಕೆಯೇ ಆಗಿದೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಗಟ್ಟಿ ಎಚ್ಚರಿಕೆ ಕೊಟ್ಟಿತು. ಡಾಲಿ ರಾಣಿ ಪ್ರಕರಣದಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಹಿಂದೂ ವಿವಾಹ ಕಾಯ್ದೆಯಡಿ ವಿಧಿಪೂರ್ವಕ ಮದುವೆ ನಡೆಯದೆ ಬರೀ ನೋಂದಣಿಯಿಂದ ಗಂಡಹೆಂಡತಿ ಆಗುವುದಿಲ್ಲ ಎಂದಿತು. ವೀಸಾ ಬೇಕೆಂದು ಅವಸರದಲ್ಲಿ ನೋಂದಣಿ ಮಾಡಿಸುವ ತಂದೆತಾಯಿಯರನ್ನೂ ತೀರ್ಪು ಪ್ರಸ್ತಾಪಿಸಿದೆ. ಆದ್ದರಿಂದ ಅವಸರವಿದ್ದರೆ ಯಾವುದಾದರೂ ದೇವಸ್ಥಾನದಲ್ಲಿ ಮನೆಮಟ್ಟಿಗೆ ಧಾರೆ, ಸಪ್ತಪದಿ ಮುಗಿಸಿ, ಫೋಟೊ ತೆಗೆಸಿ, ಆಮೇಲೆ ನೋಂದಣಿ ಮಾಡಿಸಿ. ಶಾಸ್ತ್ರವೇ ಬೇಡ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದಕ್ಕೆ 30 ದಿನದ ನೋಟಿಸ್ ಬೇಕು, ಇಬ್ಬರಲ್ಲಿ ಒಬ್ಬರು ನೋಟಿಸಿಗೆ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ಮೂರು ವಾರದ ರಜೆಯಲ್ಲಿ ಬಂದ ಹುಡುಗನಿಗೆ ಇದು ಒಗ್ಗುವುದಿಲ್ಲ. ಹಿಂದೂ ವಿವಾಹ ನೋಂದಣಿಗೆ ಈಗ ಕಾವೇರಿ 2.0ರಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು.

ಮೂರನೆಯವನು ಅಮೆರಿಕದ ಪೌರ. ಅವನ ಹೆಂಡತಿಗೆ ವಾರ್ಷಿಕ ಮಿತಿಯೂ ಇಲ್ಲ, ಬುಲೆಟಿನ್ನೂ ಇಲ್ಲ. ಆದರೂ ಕಾಯಬೇಕು, ಯಾಕೆಂದರೆ ಕಡತ ಮೂರು ಮೇಜು ದಾಟಬೇಕು. ಮೊದಲನೆಯದು ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್. ಐ-130ಕ್ಕೆ 2024ರ ಏಪ್ರಿಲ್‌ನಿಂದ ಆನ್‌ಲೈನಿನಲ್ಲಿ 625 ಡಾಲರ್, ಕಾಗದದಲ್ಲಿ ಹಾಕಿದರೆ 675. ಮದುವೆ ನಿಜವಾದದ್ದೇ ಎಂದು ಇಲ್ಲಿ ತೋರಿಸಬೇಕು. ಈಚಿನ ವರ್ಷಗಳಲ್ಲಿ ಈ ಮೇಜೊಂದೇ ವರ್ಷಕ್ಕಿಂತ ಹೆಚ್ಚು ಹಿಡಿದಿದೆ, ಇದನ್ನು ಯಾರೂ ತಳ್ಳಲಾರರು. ಮಂಜೂರಾದರೆ ಕಡತ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ 325 ಡಾಲರ್ ವೀಸಾ ಶುಲ್ಕ, 120 ಡಾಲರ್ ಆರ್ಥಿಕ ಹೊಣೆಪತ್ರದ ಶುಲ್ಕ. ಹೆಂಡತಿ ಡಿಎಸ್‌-260 ತುಂಬಬೇಕು, ಗಂಡ ಐ-864 ಎಂಬ ಹೊಣೆಪತ್ರಕ್ಕೆ ಸಹಿ ಹಾಕಬೇಕು. ಅವನ ಆದಾಯ ಅಲ್ಲಿನ ಬಡತನ ರೇಖೆಯ ಶೇಕಡ 125ರಷ್ಟಾದರೂ ಇರಬೇಕು, ಇಬ್ಬರ ಸಂಸಾರಕ್ಕೆ 2025ರ ಲೆಕ್ಕದಲ್ಲಿ ಅದು ವರ್ಷಕ್ಕೆ 26,437 ಡಾಲರ್. ಸಾಫ್ಟ್‌ವೇರ್ ಹುಡುಗರಿಗೆ ಇದು ತೊಡಕಲ್ಲ. ಈಗಷ್ಟೇ ಓದು ಮುಗಿಸಿದವನಾದರೆ ಇನ್ನೊಬ್ಬರು ಜಂಟಿ ಹೊಣೆ ಹೊರಬೇಕಾದೀತು. ಎಲ್ಲ ಕಾಗದ ಸರಿ ಎಂದು ಅಲ್ಲಿಂದ ಉತ್ತರ ಬಂದ ಮೇಲೆ ಮೂರನೇ ಮೇಜು, ಮುಂಬೈನ ಕಾನ್ಸುಲೇಟ್.

ಎಫ್‌2ಎ ಸಾಲಿನಲ್ಲಿರುವವರಿಗೂ ಮೇಜುಗಳು ಇವೇ, ನಡುವೆ ಬುಲೆಟಿನ್‌ನ ಕಾಯುವಿಕೆ ಮಾತ್ರ ಹೆಚ್ಚು. ಕಾಯುತ್ತಿರುವಾಗ ಗಂಡ ಪೌರನಾದರೆ, ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಬಂದ ಐದು ವರ್ಷಕ್ಕೆ ಅದು ಸಾಧ್ಯ, ಪೌರತ್ವ ಪತ್ರದ ಪ್ರತಿ ಕಳಿಸಿದರೆ ಹೆಂಡತಿಯ ಕಡತ ಮಿತಿಯಿಲ್ಲದ ವರ್ಗಕ್ಕೆ ಬದಲಾಗುತ್ತದೆ. ಆದರೆ ಈ ಮಧ್ಯೆ ಇಲ್ಲಿ ಮಗು ಹುಟ್ಟಿದ್ದರೆ ಗಮನವಿರಲಿ. ಎಫ್‌2ಎಯಲ್ಲಿ ಮಗು ತಾಯಿಯ ಕಡತದಲ್ಲೇ ಸೇರಿಕೊಳ್ಳುತ್ತಿತ್ತು, ಪೌರನ ವರ್ಗದಲ್ಲಿ ಆ ಮಗುವಿಗೆ ಬೇರೆ ಐ-130 ಹಾಕಬೇಕು.

ಅಮೆರಿಕದ ಮೇಜುಗಳ ವೇಗ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ನಾಲ್ಕನೆಯ ಮೇಜು, ಅದು ನಮ್ಮ ಮನೆಯ ಕಬ್ಬಿಣದ ಬೀರು. ನಾನು ಕಂಡ ತಡಗಳಲ್ಲಿ ಬಹುಪಾಲು ಹುಟ್ಟಿದ್ದು ಅಲ್ಲೇ, ಅದೂ ಹೆಸರಿನ ವಿಷಯದಲ್ಲಿ.

ಹಳೇ ಮೈಸೂರು ಕಡೆಯವರಿಗೆ ಮನೆತನದ ಹೆಸರು ಎಂಬುದೇ ಕಡಿಮೆ. ಇರುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಕಾವ್ಯ ಎಸ್', ಪ್ಯಾನ್ ಕಾರ್ಡಿನಲ್ಲಿ 'ಕಾವ್ಯ ಶಂಕರ', ಆಧಾರ್‌ನಲ್ಲಿ 'ಎಸ್ ಕಾವ್ಯ', ಲಗ್ನಪತ್ರಿಕೆಯಲ್ಲಿ 'ಚಿ. ಸೌ. ಕಾವ್ಯಶ್ರೀ'. ಬೀಗರಿಗೆ ಇವರೆಲ್ಲ ಒಬ್ಬಳೇ. ಪೋರ್ಟ್ಸ್‌ಮತ್‌ನ ಗುಮಾಸ್ತನಿಗೆ ನಾಲ್ವರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಇಡೀ ಹೆಸರನ್ನು ಒಂದೇ ಕಡೆ ಬರೆಸಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಆಗಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅದೇ ಹೆಸರು ಮುಂದೆ ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್‌ವರೆಗೂ ಬೆನ್ನು ಹತ್ತುತ್ತದೆ. ಮದುವೆ ನೋಂದಣಿಗೆ ಮುಂಚೆಯೇ ಪಾಸ್‌ಪೋರ್ಟನ್ನು ಸರಿಪಡಿಸಿ, ನೋಂದಣಿ ಪತ್ರದಲ್ಲಿ ಅದರ ಅಕ್ಷರಕ್ಕೆ ಅಕ್ಷರ ಹೊಂದುವಂತೆ ಬರೆಸುವುದು ಜಾಣತನ. ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಎಂಬ ಯೋಜನೆ ದೇಶದಲ್ಲಿ ಮೊದಲು ಶುರುವಾದದ್ದೇ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು.

ಆಮೇಲೆ ಜನನ ಪತ್ರ. ಆಸ್ಪತ್ರೆಯಿಂದ ಪಾಲಿಕೆಗೆ ಹೋದ ವರದಿಯಲ್ಲಿ ಮಗುವಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ, ನಾಮಕರಣ ಆದ ಮೇಲೆ ಹೋಗಿ ಸೇರಿಸುವುದನ್ನು ಅಪ್ಪ ಮರೆತಿರುತ್ತಾರೆ. ಮೂವತ್ತು ವರ್ಷದ ಮೇಲೆ ಪತ್ರ ತೆಗೆದು ನೋಡಿದರೆ ತಂದೆ, ತಾಯಿ, ತಾರೀಕು ಎಲ್ಲ ಇದೆ, ಹೆಸರಿನ ಎದುರು ಗೀಟು. ಮದುವೆ ಮಾತು ಶುರುವಾದ ದಿನವೇ ಇದನ್ನು ಹುಡುಕಿ ತೆಗೆಯಿರಿ. ಸರಿಯಾದ ಪತ್ರ ಸಿಗದೇ ಹೋದರೆ ಎಸ್‌ಎಸ್‌ಎಲ್‌ಸಿ ದಾಖಲೆ, ತಂದೆತಾಯಿಯ ಅಫಿಡವಿಟ್ ಮುಂತಾದ ಪೂರಕ ಪುರಾವೆ ಜೋಡಿಸಬೇಕು. ಕನ್ನಡದಲ್ಲಿರುವ ಪತ್ರಗಳಿಗೆ ಇಂಗ್ಲಿಷ್ ಅನುವಾದ ಬೇಕು, ಎರಡೂ ಭಾಷೆ ಬಲ್ಲೆನೆಂದು ಅನುವಾದಕರ ಸಹಿಯೂ ಬೇಕು. ಅಪಾಸ್ಟಿಲ್ ಮುದ್ರೆ ಹಾಕಿಸಿಕೊಡುತ್ತೇನೆಂದು ದುಡ್ಡು ಕೇಳುವ ಏಜೆಂಟರಿದ್ದಾರೆ. ಅಮೆರಿಕದ ವೀಸಾಗೆ ಅದು ಬೇಕಿಲ್ಲ.

ಪೊಲೀಸ್ ಕ್ಲಿಯರೆನ್ಸ್‌ಗೆ ಅರ್ಜಿ ಹಾಕುವುದು ಪಾಸ್‌ಪೋರ್ಟ್ ಸೇವಾ ಜಾಲದಲ್ಲೇ, ವಿಚಾರಣೆ ನಡೆಸುವುದು ನಮ್ಮ ಠಾಣೆಯವರು. ಮನೆ ಬದಲಿಸಿ ವಿಜಯನಗರದ ಒಂದನೇ ಹಂತದಿಂದ ನಾಲ್ಕನೇ ಹಂತಕ್ಕೆ ಹೋಗಿದ್ದರೂ ವಿಳಾಸದ ಪುರಾವೆ ಹೊಸದಾಗಿರಲಿ. ಹುಡುಗಿ ಬೇರೆ ದೇಶದಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಇದ್ದಿದ್ದರೆ ಆ ದೇಶದ ಪೊಲೀಸ್ ಪತ್ರವೂ ಬೇಕು, ಅದನ್ನು ತರಿಸಲು ತಿಂಗಳುಗಳೇ ಬೇಕಾಗಬಹುದು.

ಭಾರತದವರ ಕೌಟುಂಬಿಕ ವಲಸೆ ವೀಸಾಗಳ ಸಂದರ್ಶನ ಮುಂಬೈನಲ್ಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟ್‌ನಲ್ಲಿ ನಡೆಯುತ್ತದೆ. ಕಡತದ ಸಂಖ್ಯೆ 'ಬಿಎಂಬಿ' ಎಂದು ಶುರುವಾಗುವುದು ಅದಕ್ಕೇ. ಕಾನ್ಸುಲೇಟ್ ಒಪ್ಪಿದ ವೈದ್ಯರಿಂದ ತಪಾಸಣೆ, ಬೆರಳಚ್ಚು, ಕೊನೆಗೆ ಸಂದರ್ಶನ, ಎಲ್ಲಕ್ಕೂ ಸೇರಿ ಕೆಲವು ದಿನ ಉಳಿಯಬೇಕಾಗುತ್ತದೆ. ಸಂದರ್ಶನ ಹೆಚ್ಚು ಹೊತ್ತು ಇರುವುದಿಲ್ಲ. ಎಲ್ಲಿ ಪರಿಚಯ, ಮದುವೆಗೆ ಯಾರು ಬಂದಿದ್ದರು, ಗಂಡ ಏನು ಕೆಲಸ ಮಾಡುತ್ತಾನೆ, ಇಂಥವೇ ಪ್ರಶ್ನೆಗಳು. ಲಗ್ನಪತ್ರಿಕೆ, ಛತ್ರದ ಫೋಟೊ, ಇಬ್ಬರೂ ಓಡಾಡಿದ ಟಿಕೆಟ್ಟು, ಕರೆಗಳ ದಾಖಲೆ ಜೊತೆಯಲ್ಲಿರಲಿ. ಹಿರಿಯರು ಕೂಡಿಸಿದ ಮದುವೆಯಲ್ಲಿ ನಿಶ್ಚಿತಾರ್ಥಕ್ಕೂ ಮುಹೂರ್ತಕ್ಕೂ ಆರೇ ವಾರ ಎಂದರೆ ಅಲ್ಲಿನ ಅಧಿಕಾರಿಗಳಿಗೆ ಹೊಸತೇನಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರಾಯಿತು. ಕಿಟಕಿಯಿಂದ 221(ಜಿ) ಚೀಟಿ ಕೊಟ್ಟರೆ ತಿರಸ್ಕಾರ ಆಗಿಯೇಹೋಯಿತು ಎಂದು ಅಳಬೇಕಿಲ್ಲ. ಬಹಳ ಸಲ ಅದು ಯಾವುದೋ ಕಾಗದ ಕಡಿಮೆ ಇದೆ ಎಂಬ ಸೂಚನೆ, ಕೆಲವು ಸಲ ಇನ್ನಷ್ಟು ಪರಿಶೀಲನೆ.

ಬೇರೆ ದೇಶಗಳ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಸಾಲಿಗಿಂತ ಸಂಬಳವೇ ತಡೆಗೋಡೆ: 2024ರ ಏಪ್ರಿಲ್ 11ರಿಂದ ಅಲ್ಲಿರುವವರ ವಾರ್ಷಿಕ ಆದಾಯ 29,000 ಪೌಂಡ್ ಇರಬೇಕು, ಅದಕ್ಕೆ ಮೊದಲು 18,600 ಸಾಕಿತ್ತು. ಜರ್ಮನಿಗೆ ಹೋಗುವ ಸಂಗಾತಿ ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಕಲಿತಿರಬೇಕು, ಗಂಡನದು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಆದರೆ ಆ ಪರೀಕ್ಷೆ ಬೇಡ. ಸಂಗಾತಿಯ ಅರ್ಜಿ ಮುಗಿಸಲು ಕೆನಡಾ ತಾನೇ ಇಟ್ಟುಕೊಂಡ ಗುರಿ 12 ತಿಂಗಳು.

ಕಾಯುವ ದಿನಗಳಲ್ಲಿ ಮಗಳು ಕೆಲಸಕ್ಕೆ ರಾಜೀನಾಮೆ ಕೊಡುವುದು, ಟಿಕೆಟ್ ಕಾದಿರಿಸುವುದು ಎರಡನ್ನೂ ಪಾಸ್‌ಪೋರ್ಟಿನಲ್ಲಿ ವೀಸಾ ಅಂಟುವವರೆಗೆ ಮಾಡಬಾರದು. 'ಇನ್ನೆರಡು ತಿಂಗಳು' ಎಂದು ನಂಬಿ ಕೆಲಸ ಬಿಟ್ಟು, ಎರಡು ದೀಪಾವಳಿ ತವರಿನಲ್ಲೇ ಕಳೆದವರನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಗಂಡ ಅರ್ಜಿ ಹಾಕಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ರಶೀದಿ ಸಂಖ್ಯೆ ಹೆಂಡತಿಯ ಬಳಿಯೂ ಇರಬೇಕು. ಅದನ್ನು ವಲಸೆ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಕಡತ ಎಲ್ಲಿದೆಯೆಂದು ಅವಳಿಗೇ ತಿಳಿಯುತ್ತದೆ. ಸಂಖ್ಯೆ ಕೊಡಲು ತಿಂಗಳುಗಟ್ಟಲೆ ಸಬೂಬು ಹೇಳುವ ಅಳಿಯನ ವಿಷಯದಲ್ಲಿ ಮನೆಯವರು ಸುಮ್ಮನಿರಬಾರದು. ಅನಿವಾಸಿ ಗಂಡಂದಿರ ಕುರಿತ ದೂರುಗಳಿಗಾಗಿಯೇ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ಘಟಕವಿದೆ.

ವಲಸೆ ವೀಸಾ ಬಂದ ಮೇಲೆ ಗ್ರೀನ್ ಕಾರ್ಡ್ ಅಚ್ಚಿಗಾಗಿ 235 ಡಾಲರ್ ಕಟ್ಟಿ ವಿಮಾನ ಹತ್ತಬಹುದು. ಅಮೆರಿಕದ ನೆಲ ಮುಟ್ಟುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವ ಕಾರ್ಡಿಗೆ ಎರಡೇ ವರ್ಷದ ಆಯಸ್ಸು. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡಹೆಂಡತಿ ಕೂಡಿ ಐ-751 ಅರ್ಜಿ ಹಾಕಬೇಕು. ಮುಹೂರ್ತದಿಂದ ವಿಮಾನದವರೆಗಿನ ದಿನಗಳನ್ನು ಎಣಿಸಿ, ಎರಡನೇ ವಾರ್ಷಿಕೋತ್ಸವಕ್ಕೆ ಹತ್ತೇ ದಿನ ಉಳಿದಿದ್ದರೆ, ಆ ಹತ್ತು ದಿನ ವಿಜಯನಗರದಲ್ಲೇ ಇದ್ದು, ವೀಸಾ ಅವಧಿ ಮೀರದಂತೆ ನೋಡಿಕೊಂಡು, ಆಮೇಲೆ ಹೊರಡುವುದು ಲಾಭ. ಆಗ ಹತ್ತು ವರ್ಷದ ಕಾರ್ಡೇ ಬರುತ್ತದೆ.